ಹಳೆಯ ಗಾಡಿ ಚಾರ್ಜ್ ಆಗುತ್ತಿಲ್ಲವೇ? ಆಲ್ಟರ್ನೇಟರ್ ಬಿಚ್ಚುವ ಮುಂಚೆ ಮೀಟರ್ ಹಿಡಿಯಿರಿ

ಹಳೆಯ ಕಾರಿನ ಬ್ಯಾಟರಿ ಪದೇ ಪದೇ ಇಳಿದುಹೋಗುತ್ತಿದೆ ಎಂದರೆ ಹೆಚ್ಚಿನವರು ಮಾಡುವುದು ಒಂದೇ. ಮೊದಲು ಹೊಸ ಬ್ಯಾಟರಿ ಹಾಕಿಸುತ್ತಾರೆ. ಸ್ವಲ್ಪ ದಿನ ಗಾಡಿ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಆಮೇಲೆ ಮತ್ತೆ ಅದೇ 'ಟಕ್ ಟಕ್' ಸದ್ದು. ಆಗ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿಸುತ್ತಾರೆ. ಅದಕ್ಕೂ ಸರಿಹೋಗದಿದ್ದರೆ ಅದರ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್. ಕೊನೆಗೆ ನೋಡಿದರೆ ಎಂಜಿನ್‌ನಿಂದ ಗಾಡಿಯ ಬಾಡಿಗೆ ಹೋಗುವ ಅರ್ಥ್ ಪಟ್ಟಿ (ಕರೆಂಟ್ ವಾಪಸ್ ಹೋಗುವ ದಾರಿ) ತುಕ್ಕು ಹಿಡಿದು ಕೂತಿರುತ್ತದೆ.

ವಯಸ್ಸಾದ ಗಾಡಿಯಲ್ಲಿ ನಾನು ಮೊದಲು ಅನುಮಾನ ಪಡುವುದು ಜಾಯಿಂಟ್‌ಗಳ ಮೇಲೆ. ವೈರಿನ ತುದಿಗೆ ಹಾಕುವ ಲೋಹದ ಲಗ್, ಥಿಂಬಲ್, ಫ್ಯೂಸ್ ಹಿಡಿಕೆ, ಇಗ್ನಿಷನ್ ಸ್ವಿಚ್, ಅರ್ಥ್ ಬೋಲ್ಟ್. ಇವು ಒಂದೇ ದಿನದಲ್ಲಿ ಕೈಕೊಡುವುದಿಲ್ಲ. ವರ್ಷವರ್ಷವೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ತಿನ್ನುತ್ತಾ ಹೋಗುತ್ತವೆ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ 'ಯಾವ ಪಾರ್ಟ್ ಹೋಗಿದೆ' ಅಂತಲ್ಲ, 'ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತಿದೆ' ಅಂತ. ಅದನ್ನು ಹುಡುಕಲು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು.

ಕೈ ಹಾಕುವ ಮುಂಚೆ

ಉಂಗುರ, ಲೋಹದ ವಾಚ್ ತೆಗೆದಿಡಿ. ಬ್ಯಾಟರಿಯ ಲೈವ್ ತುದಿಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಬೆರಳು ಸುಟ್ಟೇ ಸುಡುತ್ತದೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಹತ್ತಿರ ಬೆಂಕಿ, ಕಿಡಿ ಬೇಡ. ಬ್ಯಾಟರಿ ಬಿಚ್ಚುವಾಗ ಮೊದಲು ಅರ್ಥ್ ಕೇಬಲ್ ತೆಗೆಯಿರಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಎಂಜಿನ್ ಓಡುತ್ತಿರುವಾಗ ಸಡಿಲ ಬಟ್ಟೆ, ಮೀಟರ್ ವೈರ್, ಕೂದಲು ಯಾವುದೂ ಬೆಲ್ಟಿನ ಹತ್ತಿರ ಹೋಗಬಾರದು.

ಇನ್ನೊಂದು ಮಾತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಕಿತ್ತು 'ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿ ಇದೆ' ಎನ್ನುವ ಪರೀಕ್ಷೆ ಈಗಲೂ ಚಾಲ್ತಿಯಲ್ಲಿದೆ. ಆಲ್ಟರ್ನೇಟರಿಗಿಂತ ಮುಂಚೆ ಇದ್ದ ಡೈನಮೋ ಕಾಲದ ಚಾಳಿ ಅದು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ದಯವಿಟ್ಟು ಹೀಗೆ ಮಾಡಬೇಡಿ. ಬ್ಯಾಟರಿ ಇಲ್ಲದೆ ವೋಲ್ಟೇಜ್ ಒಂದು ಕ್ಷಣ ಹತ್ತಾರು ವೋಲ್ಟ್ ಮೇಲಕ್ಕೆ ಹಾರುತ್ತದೆ. ಆಲ್ಟರ್ನೇಟರಿನ ಎಸಿಯನ್ನು ಡಿಸಿ ಮಾಡುವ ಡಯೋಡ್, ರೆಗ್ಯುಲೇಟರ್, ರೇಡಿಯೋ, ಸಿಕ್ಕಿದ್ದೆಲ್ಲ ಸುಡುತ್ತದೆ. ಚೆನ್ನಾಗಿದ್ದ ಆಲ್ಟರ್ನೇಟರ್ ಈ ಪರೀಕ್ಷೆಯಿಂದಲೇ ಸಾಯಬಹುದು.

ಮೊದಲು ಬ್ಯಾಟರಿ

ಕೆಟ್ಟ ಬ್ಯಾಟರಿ ಇಟ್ಟುಕೊಂಡು ಆಲ್ಟರ್ನೇಟರ್ ಪರೀಕ್ಷೆ ಮಾಡಿದರೆ ಸಿಗುವ ಅಂಕಿಗಳೆಲ್ಲ ಸುಳ್ಳು. ಆದ್ದರಿಂದ ಶುರು ಮಾಡಬೇಕಾದದ್ದು ಇಲ್ಲಿಂದಲೇ.

ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಗ್ಗೆ ಏನನ್ನೂ ಆನ್ ಮಾಡದೆ ಬ್ಯಾಟರಿಯ ಎರಡು ಸೀಸದ ಕಂಬಗಳಿಗೆ ಮೀಟರ್ ಹಿಡಿಯಿರಿ. ಮೀಟರ್ ಡಿಸಿ 20 ವೋಲ್ಟ್ ರೇಂಜಿನಲ್ಲಿರಲಿ. 12.6 ಅಥವಾ ಸ್ವಲ್ಪ ಮೇಲೆ ಬಂದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಹೆಚ್ಚುಕಡಿಮೆ ಮುಕ್ಕಾಲು. 12.2 ಎಂದರೆ ಅರ್ಧ. 12.0 ಬಂದರೆ ಕಾಲು ಭಾಗ ಉಳಿದಿದೆ ಅಷ್ಟೇ. 11.9 ಅಥವಾ ಕೆಳಗೆ ಬಂದರೆ ಖಾಲಿ. ನೋಡಿ, ತುಂಬಿದ್ದಕ್ಕೂ ಖಾಲಿಗೂ ನಡುವೆ ಒಂದು ವೋಲ್ಟ್ ಕೂಡ ವ್ಯತ್ಯಾಸ ಇಲ್ಲ. ಹಾಗಾಗಿ 'ಹನ್ನೆರಡು ವೋಲ್ಟ್ ಇದೆ, ಬ್ಯಾಟರಿ ಚೆನ್ನಾಗಿದೆ' ಎನ್ನುವ ಮಾತನ್ನು ನಂಬಬೇಡಿ. ದಶಾಂಶದ ಮುಂದಿನ ಅಂಕಿಯಲ್ಲೇ ಎಲ್ಲ ಇದೆ.

ಗಾಡಿ ಈಗಷ್ಟೇ ಓಡಿಸಿ ತಂದಿದ್ದರೆ 13 ವೋಲ್ಟ್ ಕೂಡ ತೋರಿಸಬಹುದು. ಅದು ಪ್ಲೇಟುಗಳ ಮೇಲ್ಮೈಯಲ್ಲಿ ಮಾತ್ರ ಇರುವ ಚಾರ್ಜ್. ಎರಡು ನಿಮಿಷ ಹೆಡ್‌ಲೈಟ್ ಹಾಕಿ, ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಆಗ ಬರುವುದೇ ನಿಜವಾದ ಅಂಕಿ.

ಬ್ಯಾಟರಿ ಅರ್ಧಕ್ಕಿಂತ ಕೆಳಗಿದ್ದರೆ ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ. ಜಂಪ್ ಕೊಟ್ಟು ಸ್ಟಾರ್ಟ್ ಮಾಡಿ, 'ಓಡಿಸ್ತಾ ಇದ್ರೆ ತಾನೇ ಚಾರ್ಜ್ ಆಗುತ್ತೆ' ಅಂತ ಬಿಡಬೇಡಿ. ಆಲ್ಟರ್ನೇಟರ್ ಇರುವುದು ಖರ್ಚಾದದ್ದನ್ನು ತುಂಬಿಕೊಡಲು. ಸತ್ತ ಬ್ಯಾಟರಿಯನ್ನು ಎಬ್ಬಿಸುವ ಕೆಲಸ ಕೊಟ್ಟರೆ ಅದು ಸುಮ್ನೆ ಕಾಯ್ದು ಡಯೋಡ್ ಕಳೆದುಕೊಳ್ಳುತ್ತದೆ.

ಇನ್ನು ಲೋಡ್ ಪರೀಕ್ಷೆ. ಮೀಟರ್ ಬ್ಯಾಟರಿಯ ಮೇಲೇ ಇರಲಿ. ಎಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲ್‌ಗೆ ಕರೆಂಟ್ ಕೊಡುವ ವೈರ್ ತೆಗೆದು, ಇನ್ನೊಬ್ಬರ ಕೈಲಿ ಕೆಲವು ಸೆಕೆಂಡ್ ಸೆಲ್ಫ್ ಹೊಡೆಸಿ. ತುಂಬಿದ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಹೋಗಬಾರದು. 10ರ ಮೇಲೆ ನಿಂತರೆ ನೆಮ್ಮದಿ. 7ಕ್ಕೋ 8ಕ್ಕೋ ಬಿದ್ದರೆ ಬ್ಯಾಟರಿಯಲ್ಲಿ ಸತ್ವ ಇಲ್ಲ, ಇಲ್ಲವೇ ಸೆಲ್ಫ್ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿದೆ. ವೋಲ್ಟೇಜ್ 11ರ ಮೇಲೇ ಇದ್ದು ಸೆಲ್ಫ್ ಮಾತ್ರ ನಿಧಾನಕ್ಕೆ ತಿರುಗಿದರೆ? ಆಗ ಬ್ಯಾಟರಿ ಸರಿಯಾಗೇ ಇದೆ. ಕೇಬಲ್‌ಗಳ ಕಡೆ ಹೋಗಿ.

ಮುಚ್ಚಳ ತೆರೆಯುವ ಹಳೆಯ ಮಾದರಿ ಬ್ಯಾಟರಿ ಆಗಿದ್ದರೆ ಹೈಡ್ರೋಮೀಟರ್ ಇನ್ನೂ ಒಳ್ಳೆಯ ಸಾಕ್ಷಿ. ಪೂರ್ತಿ ಚಾರ್ಜ್ ಆದ ಸೆಲ್‌ನಲ್ಲಿ ಆಸಿಡ್ ಸಾಂದ್ರತೆ 1.265ರ ಆಸುಪಾಸು ಇರುತ್ತದೆ, ಅರ್ಧ ಚಾರ್ಜಿನಲ್ಲಿ 1.190. ಆರೂ ಸೆಲ್ ಒಂದೇ ಸಮ ಕಡಿಮೆ ಇದ್ದರೆ ಚಾರ್ಜ್ ಕಡಿಮೆಯಾಗಿದೆ ಅಷ್ಟೇ. ಐದು ಚೆನ್ನಾಗಿದ್ದು ಒಂದು ಮಾತ್ರ 0.050ಕ್ಕಿಂತ ಜಾಸ್ತಿ ಕೆಳಗಿದ್ದರೆ ಆ ಸೆಲ್ ಹೋಗಿದೆ. ಅಂಥ ಬ್ಯಾಟರಿಗೆ ಎಷ್ಟು ಚಾರ್ಜ್ ಮಾಡಿದರೂ ಅಷ್ಟೇ. ಶಾರ್ಟ್ ಆದ ಸೆಲ್ ಇದ್ದರೆ ಒಟ್ಟು ವೋಲ್ಟೇಜ್ 10.5ರ ಹತ್ತಿರ ಕೂತಿರುತ್ತದೆ. ಆಲ್ಟರ್ನೇಟರ್ ಹಗಲು ರಾತ್ರಿ ದುಡಿದು ಸುಸ್ತಾಗುತ್ತದೆ.

ಬೆಲ್ಟ್

ಇದಕ್ಕೆ ಮೀಟರ್ ಬೇಡ. ಎಂಜಿನ್ ನಿಲ್ಲಿಸಿ, ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಒಂದು ಸೆಂಟಿಮೀಟರ್‌ನಷ್ಟು ಬಗ್ಗಬೇಕು. ಅದಕ್ಕಿಂತ ಜಾಸ್ತಿ ಜೋಲಾಡಿದರೆ ಸಡಿಲ. ಬಗ್ಗದೇ ಇದ್ದರೆ ಬೇರಿಂಗ್‌ಗೆ ಹೊರೆ.

ಬಿಗಿ ಸರಿಯಿದ್ದ ಬೆಲ್ಟ್ ಕೂಡ ಜಾರಬಹುದು. ವಿ ಬೆಲ್ಟ್ ಹಿಡಿತ ಸಿಗುವುದು ಅದರ ಎರಡು ಪಕ್ಕಗಳಿಂದ, ತಳದಿಂದ ಅಲ್ಲ. ಬೆಲ್ಟ್ ಸವೆದು ತಳಕ್ಕೆ ಇಳಿದರೆ ಪುಲ್ಲಿಯ ತೋಡಿನ ತಳ ಕನ್ನಡಿಯ ಹಾಗೆ ಹೊಳೆಯುತ್ತದೆ. ಟಾರ್ಚ್ ಹಾಕಿ ನೋಡಿ. ಹೊಳೆಯುತ್ತಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಬೆಲ್ಟ್ ಬದಲಿಸಿ. ಸ್ಟಾರ್ಟ್ ಆದ ತಕ್ಷಣ, ಇಲ್ಲವೇ ಹೆಡ್‌ಲೈಟ್ ಹಾಕಿದಾಗ 'ಕೀಂಯ್' ಎನ್ನುವ ಸದ್ದು ಬಂದರೂ ಇದೇ ಕಥೆ.

ಎಂಜಿನ್ ಓಡಿಸಿ ನೋಡುವುದು

ಈಗ ಎಂಜಿನ್ ಸ್ಟಾರ್ಟ್ ಮಾಡಿ. ಮೀಟರ್ ಬ್ಯಾಟರಿ ಕಂಬಗಳ ಮೇಲೆ. ಸುಮಾರು 1500ರಿಂದ 2000 ಆರ್‌ಪಿಎಂ ತನಕ ರೇಸ್ ಕೊಟ್ಟು ಹಿಡಿಯಿರಿ. 13.8ರಿಂದ 14.5 ವೋಲ್ಟ್ ಬರಬೇಕು. ಎಂಜಿನ್ ಚೆನ್ನಾಗಿ ಕಾದ ಮೇಲೆ ಇದು ಸ್ವಲ್ಪ ಇಳಿಯುವುದು ಸಹಜ.

ಆಮೇಲೆ ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿ ಅದೇ ವೇಗದಲ್ಲಿ ನೋಡಿ. 13.2ಕ್ಕಿಂತ ಕೆಳಗೆ ಹೋಗಬಾರದು. ಐಡಲ್‌ನಲ್ಲಿ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಹಳೆಯ ಕಾರುಗಳ ಆಲ್ಟರ್ನೇಟರ್ ಪೂರ್ತಿ ವೇಗದಲ್ಲೇ 35-45 ಆಂಪಿಯರ್ ಕೊಡುವಂಥವು. ಐಡಲ್‌ನಲ್ಲಿ ಅದರ ಸಣ್ಣ ಪಾಲು ಮಾತ್ರ ಸಿಗುತ್ತದೆ. ಎರಡು ಹೆಡ್‌ಲೈಟ್ ಬಲ್ಬುಗಳೇ ಹತ್ತು ಆಂಪಿಯರ್ ತಿನ್ನುತ್ತವೆ. ಟ್ರಾಫಿಕ್ಕಿನಲ್ಲಿ ನಿಂತಾಗ ಲೈಟ್ ಸ್ವಲ್ಪ ಮಂಕಾಗಿ, ಆಕ್ಸಿಲರೇಟರ್ ಒತ್ತಿದರೆ ಬೆಳಗುವುದು ಆ ಕಾಲದ ಗಾಡಿಗಳ ಸ್ವಭಾವ. ಅದನ್ನು ರಿಪೇರಿ ಮಾಡಲು ಹೋಗಬೇಡಿ.

ಇಲ್ಲಿಂದ ದಾರಿ ಕವಲಾಗುತ್ತದೆ. ವೋಲ್ಟೇಜ್ ಸರಿಯಾಗಿದ್ದೂ ಬೆಳಗ್ಗೆ ಬ್ಯಾಟರಿ ಖಾಲಿಯಾದರೆ, ನಿಂತ ಗಾಡಿಯಲ್ಲಿ ಎಲ್ಲೋ ಕರೆಂಟ್ ಸೋರುತ್ತಿದೆ. 15ರ ಮೇಲೆ ಹೋದರೆ ಓವರ್‌ಚಾರ್ಜ್. ಕಡಿಮೆ ಇದ್ದರೆ ಮುಂದಿನ ಭಾಗ ಓದಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ವೋಲ್ಟೇಜ್ ಡ್ರಾಪ್: ಕಳ್ಳ ಸಿಗುವ ಜಾಗ

ಆಲ್ಟರ್ನೇಟರ್ ಹಿಂದೆ ದಪ್ಪ ವೈರ್ ಕೂತಿರುವ ಬೋಲ್ಟ್ ಇರುತ್ತದೆ. ಅದೇ ಬಿ ಪ್ಲಸ್. ಅಲ್ಲಿ ತಯಾರಾದ ಕರೆಂಟ್ ದಪ್ಪ ವೈರಿನಲ್ಲಿ ಬ್ಯಾಟರಿಗೆ ಹೋಗಿ, ಅರ್ಥ್ ದಾರಿಯಲ್ಲಿ ವಾಪಸ್ ಆಲ್ಟರ್ನೇಟರ್ ಬಾಡಿಗೆ ಬರುತ್ತದೆ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಪರೀಕ್ಷೆ ಮಾಡಬೇಕು.

ಎಂಜಿನ್ 2000 ಆರ್‌ಪಿಎಂನಲ್ಲಿ ಓಡಲಿ. ಹೆಡ್‌ಲೈಟ್, ಬ್ಲೋವರ್ ಆನ್ ಇರಲೇಬೇಕು. ಕರೆಂಟ್ ಹರಿಯದೆ ಡ್ರಾಪ್ ಕಾಣುವುದಿಲ್ಲ. ಮೀಟರಿನ ಕೆಂಪು ಪ್ರೋಬ್ ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿಗೆ, ಕಪ್ಪು ಪ್ರೋಬ್ ಬ್ಯಾಟರಿಯ ಪ್ಲಸ್ ಕಂಬಕ್ಕೆ. ಎರಡೂ ಪ್ಲಸ್ಸೇ, ಗಾಬರಿ ಬೇಡ. ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. 0.2 ಅಥವಾ ಕಡಿಮೆ ಇದ್ದರೆ ಚೆನ್ನಾಗಿದೆ. 0.3 ಅನುಮಾನ. 0.5 ಬಂದರೆ ಅಲ್ಲೇ ನಿಲ್ಲಿ, ಕೆಲಸ ಸಿಕ್ಕಿತು.

ಪ್ರೋಬ್ ತುದಿ ಸೀಸದ ಕಂಬಕ್ಕೇ ತಾಗಬೇಕು, ಅದರ ಮೇಲಿನ ಕ್ಲಾಂಪಿಗಲ್ಲ. ಕಂಬಕ್ಕೂ ಕ್ಲಾಂಪಿಗೂ ನಡುವೆಯೇ ಕಪ್ಪು ಪದರ ಕೂತು ಅರ್ಧ ವೋಲ್ಟ್ ನುಂಗುವುದುಂಟು. ಕ್ಲಾಂಪಿಗೆ ಹಿಡಿದರೆ ಅದು ನಿಮಗೆ ಕಾಣುವುದೇ ಇಲ್ಲ.

ಈಗ ವಾಪಸ್ ದಾರಿ. ಒಂದು ಪ್ರೋಬ್ ಆಲ್ಟರ್ನೇಟರಿನ ಬಾಡಿಗೆ, ಬಣ್ಣ ತುಕ್ಕು ಕೆರೆದ ಜಾಗದಲ್ಲಿ. ಇನ್ನೊಂದು ಬ್ಯಾಟರಿಯ ಮೈನಸ್ ಕಂಬಕ್ಕೆ. 0.1 ಒಳ್ಳೆಯದು, 0.2 ದಾಟಬಾರದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಲೋಡ್ ಹಾಕಿದಾಗ ಬ್ಯಾಟರಿಯ ಮೇಲೆ 12.9 ಬರುತ್ತಿದೆ. ಆಲ್ಟರ್ನೇಟರ್ ಹೋಗಿದೆ ಅನ್ನಿಸುತ್ತದೆ, ಅಲ್ವಾ? ಬಿ ಪ್ಲಸ್‌ಗೂ ಆಲ್ಟರ್ನೇಟರ್ ಬಾಡಿಗೂ ನಡುವೆ ನೋಡಿದರೆ 14.2 ಇದೆ. ಅಂದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ, 1.3 ವೋಲ್ಟ್ ದಾರಿಯಲ್ಲಿ ಕಳೆದುಹೋಗುತ್ತಿದೆ. ಪ್ಲಸ್ ದಾರಿಯಲ್ಲಿ 0.2, ಅರ್ಥ್ ದಾರಿಯಲ್ಲಿ 1.1. ಇನ್ನು ಅರ್ಥ್ ದಾರಿಯನ್ನು ತುಂಡು ತುಂಡಾಗಿ ಅಳೆಯಿರಿ. ಆಲ್ಟರ್ನೇಟರ್ ಬಾಡಿಯಿಂದ ಎಂಜಿನ್ ಬ್ಲಾಕಿಗೆ 0.05. ಬ್ಲಾಕಿನಿಂದ ಗಾಡಿಯ ಬಾಡಿಗೆ 1.0. ಬಾಡಿಯಿಂದ ಬ್ಯಾಟರಿ ಮೈನಸ್‌ಗೆ 0.05. ಕಳ್ಳ ಸಿಕ್ಕಿದ. ಬ್ಲಾಕಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ. ಆಲ್ಟರ್ನೇಟರಿನ ಒಂದು ಬೋಲ್ಟ್ ಕೂಡ ಬಿಚ್ಚದೆ ಕೆಲಸ ಮುಗಿಯಿತು.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಅದಕ್ಕೂ ಬಾಡಿಗೂ ಇರುವ ವಿದ್ಯುತ್ ನಂಟು ಎಂದರೆ ಆ ಹೆಣೆದ ತಾಮ್ರದ ಪಟ್ಟಿ ಮಾತ್ರ. ಅದು ಕಿತ್ತುಹೋದರೆ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಸಿಕ್ಕಿದ್ದರಲ್ಲಿ ಹರಿಯುತ್ತದೆ. ಸೆಲ್ಫ್ ಹೊಡೆದಾಗ ಕ್ಲಚ್ ಕೇಬಲ್ ಬಿಸಿಯಾಗುತ್ತಿದ್ದರೆ ಇನ್ನೇನೂ ಹುಡುಕಬೇಡಿ, ನೇರ ಆ ಪಟ್ಟಿ ನೋಡಿ.

ದುರಸ್ತಿ ಕಷ್ಟವೇನಲ್ಲ. ಬೋಲ್ಟ್ ತೆಗೆದು ಎರಡೂ ಮೈ ಸ್ಯಾಂಡ್ ಪೇಪರ್‌ನಿಂದ ಹೊಳೆಯುವ ತನಕ ಉಜ್ಜಿ. ಬಾಡಿಯ ಕಡೆ ಪೇಂಟ್ ಇದ್ದರೆ ಅದನ್ನೂ ಕೆರೆಯಿರಿ. ಬಿಗಿಯಾಗಿ ಕೂರಿಸಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಹಚ್ಚಿ. ವೈರಿನ ತುದಿಯ ಥಿಂಬಲ್ ಹತ್ತಿರ ರಬ್ಬರ್ ಸರಿಸಿ ನೋಡಿ. ಒಳಗೆ ತಾಮ್ರ ಕಪ್ಪಾಗಿದ್ದರೆ, ಹಸಿರು ಪುಡಿ ಉದುರಿದರೆ ಆ ತುಂಡು ಕತ್ತರಿಸಿ ಹೊಸ ಥಿಂಬಲ್ ಕ್ರಿಂಪ್ ಮಾಡಿಸಿ. ಕಪ್ಪಾದ ತಾಮ್ರಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ.

ಡ್ಯಾಶ್‌ಬೋರ್ಡಿನ ಕೆಂಪು ದೀಪ

ಬಿ ಪ್ಲಸ್‌ನಲ್ಲೇ ವೋಲ್ಟೇಜ್ ಇಲ್ಲದಿದ್ದರೆ ಆಗ ಆಲ್ಟರ್ನೇಟರ್ ಮೇಲೆ ಕಣ್ಣು ಹಾಕಬಹುದು. ಆದರೂ ಬಿಚ್ಚುವ ಮುಂಚೆ ಚಾರ್ಜಿಂಗ್ ದೀಪದ ಮಾತು ಕೇಳಿ.

ಹಳೆಯ ಗಾಡಿಗಳಲ್ಲಿ ಈ ದೀಪ ಬರೀ ಎಚ್ಚರಿಕೆ ಕೊಡಲು ಇರುವುದಲ್ಲ. ಕೀ ಆನ್ ಮಾಡಿದಾಗ ಇಗ್ನಿಷನ್ ಸ್ವಿಚ್ಚಿನಿಂದ ಬಲ್ಬಿನ ಮೂಲಕ ಸಣ್ಣ ಕರೆಂಟ್ ಆಲ್ಟರ್ನೇಟರಿನ ಡಿ ಪ್ಲಸ್ ಅಥವಾ ಎಲ್ ಎಂದು ಬರೆದ ಟರ್ಮಿನಲ್‌ಗೆ ಹೋಗುತ್ತದೆ. ಅಲ್ಲಿಂದ ಕಾರ್ಬನ್ ಬ್ರಶ್ ದಾಟಿ, ಒಳಗೆ ತಿರುಗುವ ರೋಟರಿನ ಸುರುಳಿಗೆ. ಆ ಚೂರು ಕರೆಂಟಿನಿಂದಲೇ ರೋಟರ್ ಅಯಸ್ಕಾಂತವಾಗಿ ಉತ್ಪಾದನೆ ಶುರುವಾಗುತ್ತದೆ. ಶುರುವಾದ ಮೇಲೆ ಡಿ ಪ್ಲಸ್‌ನಲ್ಲೂ 14 ವೋಲ್ಟ್ ಬರುತ್ತದೆ. ಬಲ್ಬಿನ ಎರಡೂ ಬದಿ ಒಂದೇ ವೋಲ್ಟೇಜ್ ಆದ್ದರಿಂದ ದೀಪ ಆರುತ್ತದೆ.

ಹಾಗಾಗಿ ಕೀ ಆನ್ ಮಾಡಿದಾಗ ದೀಪ ಹತ್ತದಿದ್ದರೆ ಖುಷಿ ಪಡಬೇಡಿ. ಡಿ ಪ್ಲಸ್ ವೈರ್ ತೆಗೆದು ಎಂಜಿನ್ ಬ್ಲಾಕಿಗೆ ತಾಗಿಸಿ. ದೀಪ ಹತ್ತಿದರೆ ವೈರಿಂಗ್ ಸರಿ, ದೋಷ ಆಲ್ಟರ್ನೇಟರ್ ಒಳಗಿದೆ, ಹೆಚ್ಚಾಗಿ ಸವೆದ ಬ್ರಶ್. ಆಗಲೂ ಹತ್ತದಿದ್ದರೆ ಬಲ್ಬ್ ಸುಟ್ಟಿದೆ, ಫ್ಯೂಸ್ ಹೋಗಿದೆ, ಇಲ್ಲವೇ ವೈರ್ ತುಂಡಾಗಿದೆ. ಒಂದು ಚಿಕ್ಕ ಬಲ್ಬ್ ಸುಟ್ಟದ್ದಕ್ಕೆ ಇಡೀ ಆಲ್ಟರ್ನೇಟರ್ ಬದಲಾಯಿಸಿದವರು ಇದ್ದಾರೆ. ಒಂದು ಸುಳಿವು ಹೇಳುತ್ತೇನೆ. ಸ್ಟಾರ್ಟ್ ಮಾಡಿದಾಗ ಚಾರ್ಜ್ ಇಲ್ಲ, ಒಮ್ಮೆ ಜೋರಾಗಿ ರೇಸ್ ಕೊಟ್ಟರೆ ಚಾರ್ಜ್ ಶುರುವಾಗಿ ಆಮೇಲೆ ನಿಲ್ಲುವುದಿಲ್ಲ ಎಂದರೆ ಈ ದೀಪದ ದಾರಿಯೇ ಕಡಿದಿದೆ. ರೋಟರಿನಲ್ಲಿ ಉಳಿದ ಅಲ್ಪಸ್ವಲ್ಪ ಕಾಂತದಿಂದ ಅದು ತಾನಾಗಿ ಎದ್ದಿರುತ್ತದೆ.

ಡ್ಯಾಶ್‌ಬೋರ್ಡಿಗೆ ಚೆಂದಕ್ಕೆ ಎಲ್‌ಇಡಿ ಬಲ್ಬ್ ಹಾಕಿಸಿದ ಗಾಡಿಗಳಲ್ಲೂ ಇದೇ ತೊಂದರೆ ಬರುತ್ತದೆ. ಎರಡು ಮೂರು ವಾಟ್‌ನ ಬಲ್ಬ್ ಕೊಡುತ್ತಿದ್ದಷ್ಟು ಕರೆಂಟ್ ಎಲ್‌ಇಡಿ ಕೊಡುವುದಿಲ್ಲ. ದೀಪವೇನೋ ಚೆನ್ನಾಗಿ ಹತ್ತುತ್ತದೆ, ಆಲ್ಟರ್ನೇಟರ್ ಮಾತ್ರ ಏಳುವುದಿಲ್ಲ. ಆ ಒಂದು ಜಾಗಕ್ಕೆ ಹಳೆಯ ಬಲ್ಬನ್ನೇ ಹಾಕಿ.

ಓಡುವಾಗ ದೀಪ ಮಂಕಾಗಿ ಉರಿಯುತ್ತಿದ್ದರೆ ಬಲ್ಬಿನ ಎರಡು ಬದಿಗಳ ವೋಲ್ಟೇಜ್ ಸಮ ಇಲ್ಲ ಎಂದರ್ಥ. ಒಳಗೆ ಒಂದು ಡಯೋಡ್ ಹೋಗಿರಬಹುದು. ಸವೆದ ಇಗ್ನಿಷನ್ ಸ್ವಿಚ್ಚೂ ಕಾರಣ ಇರಬಹುದು. ಸ್ವಿಚ್ಚಿನ ಕಡೆ 13, ಆಲ್ಟರ್ನೇಟರ್ ಕಡೆ 14.2 ಇದ್ದರೆ ಆ ವ್ಯತ್ಯಾಸಕ್ಕೇ ದೀಪ ಮಿಣುಕುತ್ತದೆ. ಮೊದಲು ಸ್ವಿಚ್ಚಿನ ಡ್ರಾಪ್ ಅಳೆಯಿರಿ. ಕೀ ತೆಗೆದ ಮೇಲೂ ದೀಪ ಮಿಣುಕುತ್ತಿದ್ದರೆ ಮಾತ್ರ ಪ್ಲಸ್ ಕಡೆಯ ಡಯೋಡ್ ಶಾರ್ಟ್ ಆಗಿದೆ. ಅವತ್ತೇ ಬ್ಯಾಟರಿ ಕೇಬಲ್ ತೆಗೆದಿಡಿ, ಇಲ್ಲದಿದ್ದರೆ ಬೆಳಗ್ಗೆ ಖಾಲಿ.

ಆಲ್ಟರ್ನೇಟರ್ ಒಳಗೆ

ಎಂಜಿನ್ ನಿಂತಿರಲಿ, ಕೀ ಆನ್ ಇರಲಿ, ಕೆಂಪು ದೀಪ ಉರಿಯುತ್ತಿರಲಿ. ಒಂದು ಸ್ಕ್ರೂಡ್ರೈವರ್ ತುದಿಯನ್ನು ಆಲ್ಟರ್ನೇಟರಿನ ಹಿಂಬದಿಯ ಬೇರಿಂಗ್ ಹತ್ತಿರ ತನ್ನಿ. ಮೆತ್ತಗೆ ಎಳೆದ ಹಾಗೆ ಆಗಬೇಕು. ಕೀ ಆಫ್ ಮಾಡಿದರೆ ಆ ಎಳೆತ ಹೋಗಬೇಕು. ಎಳೆತ ಇದ್ದರೆ ಬ್ರಶ್, ಅದು ಉಜ್ಜುವ ತಾಮ್ರದ ಸ್ಲಿಪ್ ರಿಂಗ್, ರೋಟರ್ ಸುರುಳಿ ಕೂಡಿಕೊಂಡಿವೆ. ಹಾಗಾದರೆ ದೋಷ ಡಯೋಡ್, ಸ್ಟೇಟರ್ (ರೋಟರ್ ಸುತ್ತಲಿನ ತಿರುಗದ ಸುರುಳಿ) ಅಥವಾ ರೆಗ್ಯುಲೇಟರ್ ಕಡೆ.

ಚಾರ್ಜ್ ಬಂದು ಹೋಗಿ ಮಾಡುತ್ತಿದ್ದರೆ, ಎಂಜಿನ್ ಓಡುವಾಗ ಸ್ಕ್ರೂಡ್ರೈವರ್ ಹಿಡಿಯಿಂದ ಆಲ್ಟರ್ನೇಟರ್ ಬೆನ್ನಿಗೆ ಮೆಲ್ಲಗೆ ತಟ್ಟಿ. ತಟ್ಟಿದಾಗ ಮೀಟರ್ ಮೇಲೇರಿದರೆ ಬ್ರಶ್ ಸಿಕ್ಕಿಕೊಂಡಿದೆ ಅಥವಾ ತೀರಾ ಸವೆದಿದೆ. ಸಾಮಾನ್ಯವಾಗಿ ಹಿಡಿಕೆಯಿಂದ 5 ಮಿ.ಮೀ.ಗಿಂತ ಕಡಿಮೆ ಹೊರಗಿದ್ದರೆ ಬದಲಿಸುವುದು ವಾಸಿ. ಅನೇಕ ಮಾದರಿಗಳಲ್ಲಿ ಬ್ರಶ್ ಮತ್ತು ರೆಗ್ಯುಲೇಟರ್ ಒಂದೇ ತುಂಡು, ಎರಡು ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ. ತೆಗೆದಾಗ ಒಳಗಿನ ತಾಮ್ರದ ರಿಂಗುಗಳ ಮೇಲೆ ಓಮ್ ಅಳೆಯಿರಿ. ರಿಂಗಿನಿಂದ ರಿಂಗಿಗೆ ಸುಮಾರು 2.5ರಿಂದ 5 ಓಮ್ ಬರಬೇಕು. ರಿಂಗಿನಿಂದ ರೋಟರ್ ಶಾಫ್ಟಿಗೆ ಏನೂ ಬರಬಾರದು.

ಡಯೋಡ್ ಹೋಗಿದೆಯೇ ಎಂದು ಗಾಡಿಯ ಮೇಲೇ ತಿಳಿಯಬಹುದು. ಮೀಟರನ್ನು ಎಸಿ ರೇಂಜಿಗೆ ಹಾಕಿ, ಎಂಜಿನ್ ಓಡುತ್ತಾ ಲೈಟ್ ಉರಿಯುವಾಗ ಬ್ಯಾಟರಿಯ ಮೇಲೆ ಹಿಡಿಯಿರಿ. 0.1 ವೋಲ್ಟಿನ ಆಸುಪಾಸು ಬಂದರೆ ಸರಿ. 0.5 ದಾಟಿದರೆ ಡಯೋಡ್ ಕೆಟ್ಟಿದೆ. ಕೆಲವು ಅಗ್ಗದ ಮೀಟರ್ ಎಸಿ ರೇಂಜಿನಲ್ಲಿ ಬ್ಯಾಟರಿಗೆ ಹಿಡಿದರೆ 25-28 ಅಂತ ಏನೇನೋ ತೋರಿಸುತ್ತವೆ. ಮೊದಲು ಎಂಜಿನ್ ನಿಲ್ಲಿಸಿ ಹಿಡಿದು ನೋಡಿ. ಪ್ರೋಬ್ ಅದಲುಬದಲು ಮಾಡಿಯೂ ಸೊನ್ನೆಯೇ ಬಂದರೆ ಆ ಮೀಟರ್ ಈ ಕೆಲಸಕ್ಕೆ ಆಗುತ್ತದೆ. ರೇಡಿಯೋದಲ್ಲಿ ಎಂಜಿನ್ ವೇಗದ ಜೊತೆ ಏರಿಳಿಯುವ 'ಉಂಯ್' ಸದ್ದು ಇದ್ದರೆ ಅದೂ ಡಯೋಡಿನ ದೂರೇ.

ಓವರ್‌ಚಾರ್ಜ್

ಬ್ಯಾಟರಿ ನೀರು ಬೇಗ ಬೇಗ ಇಳಿಯುವುದು, ಕೊಳೆತ ಮೊಟ್ಟೆಯ ವಾಸನೆ, ಬಲ್ಬುಗಳು ಸಾಲಾಗಿ ಸುಡುವುದು. ಮೀಟರ್ 15ರ ಮೇಲೆ. ಹೆಚ್ಚಾಗಿ ರೆಗ್ಯುಲೇಟರ್ ಹೋಗಿರುತ್ತದೆ. ಆದರೆ ರೆಗ್ಯುಲೇಟರ್ ಬೇರೆಯಾಗಿ ಬಾಡಿಗೆ ಸ್ಕ್ರೂ ಮಾಡಿದ ಮಾದರಿಯಲ್ಲಿ ಮೊದಲು ಅದರ ಅರ್ಥ್ ನೋಡಿ. ಅರ್ಥ್ ಸರಿ ಇಲ್ಲದಿದ್ದರೆ ಅದಕ್ಕೆ ವೋಲ್ಟೇಜ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕಡಿಮೆಯಾಯಿತು ಅಂದುಕೊಂಡು ಇನ್ನೂ ಜಾಸ್ತಿ ಚಾರ್ಜ್ ಮಾಡಿಸುತ್ತದೆ. ಬ್ಯಾಟರಿ ವೋಲ್ಟೇಜ್ ಓದಲು ಬೇರೆ ಸಣ್ಣ ವೈರ್ ಇರುವ ಕಡೆ ಆ ವೈರಿನ ಡ್ರಾಪ್ ಕೂಡ ಇದೇ ಆಟ ಆಡುತ್ತದೆ. ಸರಿಮಾಡುವ ತನಕ ಗಾಡಿ ಓಡಿಸಬೇಡಿ. ಕಾಯ್ದ ಬ್ಯಾಟರಿ ಒಡೆಯಬಹುದು.

ನಿಂತಲ್ಲೇ ಖಾಲಿಯಾಗುವ ಬ್ಯಾಟರಿ

ಎಲ್ಲ ಆರಿಸಿ, ಬಾಗಿಲು ಮುಚ್ಚಿ, ಬ್ಯಾಟರಿಯ ಮೈನಸ್ ಕೇಬಲ್ ತೆಗೆದು ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೇರಿಸಿ. ಆಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಫ್ಯೂಸ್ ಹಾರಿಹೋಗುತ್ತದೆ. ಕಂಪ್ಯೂಟರ್ ಇಲ್ಲದ ಹಳೆಯ ಗಾಡಿಯಲ್ಲಿ ಗಡಿಯಾರ, ರೇಡಿಯೋ ಮೆಮೊರಿ ಸೇರಿ 0.02 ಆಂಪಿಯರ್ ದಾಟಬಾರದು. 0.05 ಮೇಲೆ ಹೋದರೆ ಹುಡುಕಿ.

ಡಿಕ್ಕಿಯ ಐದು ವಾಟ್ ಬಲ್ಬ್ ಆರದೆ ಉಳಿದರೆ 0.4 ಆಂಪಿಯರ್. ದಿನಕ್ಕೆ ಹತ್ತು ಆಂಪಿಯರ್ ಅವರ್ ಹೋಯಿತು. 40 ಆಂಪಿಯರ್ ಅವರ್ ಬ್ಯಾಟರಿ ಎರಡೇ ದಿನದಲ್ಲಿ ಅರ್ಧ ಖಾಲಿ. ಡಿಕ್ಕಿ ಮುಚ್ಚಿದಾಗ ಬಲ್ಬ್ ಆರುತ್ತದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲವಲ್ಲ. ಬಲ್ಬನ್ನೇ ತೆಗೆದು ನೋಡಿ.

ಮೀಟರ್ ನೋಡುತ್ತಾ ಒಂದೊಂದೇ ಫ್ಯೂಸ್ ಕೀಳಿ. ಅಂಕಿ ಬಿದ್ದ ಕಡೆ ಸೋರಿಕೆ. ಎಲ್ಲ ಫ್ಯೂಸ್ ಕಿತ್ತರೂ ಬೀಳದಿದ್ದರೆ ಫ್ಯೂಸ್ ಇಲ್ಲದ ದಾರಿ ಉಳಿಯಿತು. ಬ್ಯಾಟರಿ ಪೂರ್ತಿ ಬಿಡಿಸಿ, ಆಲ್ಟರ್ನೇಟರಿನ ಬಿ ಪ್ಲಸ್ ವೈರ್ ತೆಗೆದು ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಈಗ ಸೊನ್ನೆ ಬಂದರೆ ಡಯೋಡ್ ಸೋರುತ್ತಿದೆ. ಆಮೇಲೆ ಹಾಕಿಸಿದ ಹಾರ್ನ್, ಅಲಾರಂ, ಸ್ಪೀಕರ್ ವೈರ್‌ಗಳ ಕಡೆ ಕೂಡ ಕಣ್ಣು ಹಾಯಿಸಿ. ಕಂಪನಿ ವೈರಿಂಗ್‌ಗಿಂತ ಅವುಗಳ ಮೇಲೆ ನನಗೆ ಜಾಸ್ತಿ ಅನುಮಾನ.

ಡೈನಮೋ ಇರುವ ಗಾಡಿ

1960ರಲ್ಲಿ ಕ್ರೈಸ್ಲರ್ ತನ್ನ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರ್ ಹಾಕಿತು. ಅದಕ್ಕೂ ಮುಂಚೆ, ಆಮೇಲೂ ಎಷ್ಟೋ ವರ್ಷ, ಕಾರುಗಳಲ್ಲಿ ಡೈನಮೋನೇ ಇತ್ತು. ಇದರ ಲೆಕ್ಕ ಬೇರೆ. ಐಡಲ್‌ನಲ್ಲಿ ಡೈನಮೋ ಏನೂ ಕೊಡುವುದಿಲ್ಲ, ಆಗ ಕೆಂಪು ದೀಪ ಮಿನುಗಿದರೆ ಅದು ದೋಷವಲ್ಲ. ಬಹಳಷ್ಟು ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ಸೇ ಅರ್ಥ್. ಕೇಬಲ್ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಯಾವ ಕಂಬ ಬಾಡಿಗೆ ಹೋಗಿದೆ ನೋಡಿ.

ಲೂಕಾಸ್ ಮಾದರಿ ಡೈನಮೋಗೆ ಡಿ, ಎಫ್ ಎಂಬ ಎರಡು ಟರ್ಮಿನಲ್. ಎರಡೂ ವೈರ್ ತೆಗೆದು, ಡಿ ಮತ್ತು ಎಫ್ ಎರಡನ್ನೂ ಒಂದು ತುಂಡು ವೈರಿನಿಂದ ಸೇರಿಸಿ, ಅಲ್ಲಿಂದ ಅರ್ಥ್‌ಗೆ ಮೀಟರ್ ಹಿಡಿಯಿರಿ. ಐಡಲ್‌ನಿಂದ ನಿಧಾನಕ್ಕೆ ವೇಗ ಏರಿಸಿ. ವೋಲ್ಟೇಜ್ ಸರಾಗವಾಗಿ ಏರಬೇಕು. 20 ವೋಲ್ಟ್ ಮುಟ್ಟಿದರೆ ನಿಲ್ಲಿಸಿ, 1000 ಆರ್‌ಪಿಎಂ ದಾಟಬೇಡಿ. ಏನೂ ಬರದಿದ್ದರೆ ಬ್ರಶ್. ಒಂದು ವೋಲ್ಟಿನ ಹತ್ತಿರ ನಿಂತರೆ ಅಯಸ್ಕಾಂತವಾಗುವ ಫೀಲ್ಡ್ ಸುರುಳಿ. ನಾಲ್ಕೈದರಲ್ಲಿ ನಿಂತರೆ ಒಳಗೆ ತಿರುಗುವ ಆರ್ಮೇಚರ್. 20ರ ತನಕ ಏರಿದರೆ ಡೈನಮೋ ಚೆನ್ನಾಗಿದೆ, ಕಂಟ್ರೋಲ್ ಬಾಕ್ಸ್ (ಡೈನಮೋದ ರೆಗ್ಯುಲೇಟರ್ ಇರುವ ಡಬ್ಬಿ) ಮತ್ತು ಅದಕ್ಕೆ ಹೋಗುವ ವೈರ್ ನೋಡಿ.

ಬಾಕ್ಸಿನ ಒಳಗೆ, ಎಂಜಿನ್ ನಿಂತಾಗ ಡೈನಮೋವನ್ನು ಬ್ಯಾಟರಿಯಿಂದ ಬೇರೆ ಮಾಡುವ ಕಟ್‌ಔಟ್ ಇರುತ್ತದೆ. ಅದರ ಪಾಯಿಂಟ್ ಅಂಟಿಕೊಂಡರೆ ಎಂಜಿನ್ ನಿಂತ ಮೇಲೂ ಬ್ಯಾಟರಿ ಡೈನಮೋ ಒಳಗೆ ಖಾಲಿಯಾಗುತ್ತಲೇ ಇರುತ್ತದೆ, ವೈರ್ ಸುಡುತ್ತದೆ. ಕೀ ತೆಗೆದ ಮೇಲೆ ಡೈನಮೋ ಬಿಸಿ ಏರುತ್ತಿದ್ದರೆ ಮೊದಲು ಬ್ಯಾಟರಿ ಕೇಬಲ್ ಕಿತ್ತು, ಆಮೇಲೆ ಯೋಚನೆ ಮಾಡಿ.

ಬೈಕ್

ಬಹಳಷ್ಟು ಬೈಕುಗಳಲ್ಲಿ ಬ್ರಶ್, ಫೀಲ್ಡ್ ಯಾವುದೂ ಇಲ್ಲ. ಖಾಯಂ ಅಯಸ್ಕಾಂತ ಸುತ್ತುತ್ತದೆ, ಸ್ಟೇಟರಿನಿಂದ ಮೂರು ವೈರ್ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ಗೆ ಬರುತ್ತವೆ. ಆ ಕನೆಕ್ಟರ್ ಬಿಡಿಸಿ. ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಸ್ಟೇಟರ್ ಕಡೆಯ ಮೂರು ವೈರ್‌ಗಳನ್ನು ಎರಡೆರಡಾಗಿ ಎಸಿ ರೇಂಜಿನಲ್ಲಿ ಅಳೆಯಿರಿ. ಮೂರು ಜೋಡಿಯಲ್ಲೂ ಒಂದೇ ಅಂಕಿ ಬರಬೇಕು, ರೇಸ್ ಕೊಟ್ಟಂತೆ ಒಟ್ಟಿಗೇ ಏರಬೇಕು. ಎಂಜಿನ್ ನಿಲ್ಲಿಸಿದ ಮೇಲೆ ಯಾವ ವೈರಿನಿಂದಲೂ ಬಾಡಿಗೆ ಕಂಟಿನ್ಯುಟಿ (ವಿದ್ಯುತ್ ನಂಟು) ಇರಬಾರದು. ಒಂದು ಜೋಡಿ ಕಡಿಮೆ ಬಂದರೆ, ಅಥವಾ ಬಾಡಿಗೆ ಕಂಟಿನ್ಯುಟಿ ಸಿಕ್ಕರೆ, ಸ್ಟೇಟರ್ ಸುಟ್ಟಿದೆ. ಮೂರೂ ಸಮ ಇದ್ದು ಬ್ಯಾಟರಿಯ ಮೇಲೆ ಮಾತ್ರ ವೋಲ್ಟೇಜ್ ಏರದಿದ್ದರೆ ರೆಕ್ಟಿಫೈಯರ್‌ನಿಂದ ಬ್ಯಾಟರಿ ತನಕದ ವೈರಿನ ಡ್ರಾಪ್ ಅಳೆದು, ಅದು ಸರಿ ಇದ್ದರೆ ಮಾತ್ರ ರೆಕ್ಟಿಫೈಯರ್ ಬದಲಿಸಿ. ಹೊಸದನ್ನು ಕೂರಿಸುವಾಗ ಅದರ ಬೆನ್ನು ಫ್ರೇಮಿಗೆ ಪೂರ್ತಿ ಅಂಟುವಂತೆ ಬಿಗಿ ಮಾಡಿ. ಅದರ ಬಿಸಿ ಬಹುಪಾಲು ಇಳಿಯುವುದು ಆ ಲೋಹದ ಮೂಲಕವೇ.